ಬೇಲಿಯಾಚೆ ನಿಲ್ಲಿಸಿದ ಮಗಳು

ಕಳಲೆ, ಶುಕ್ರವಾರ

ನಟರಾಜಣ್ಣನಿಗೆ,

ಲಕ್ವ ಹೊಡೆದ ಅಪ್ಪನನ್ನು ಆರಾರು ತಿಂಗಳು ಇಬ್ಬರೂ ನೋಡಿಕೊಳ್ಳೋಣ ಎಂದಿದ್ದವನು ನೀನು. ನರಸೀಪುರದ ನಿನ್ನ ಮನೆಗೆ ಒಂದು ದಿನವೂ ಕರೆದೊಯ್ಯಲಿಲ್ಲ. ನಿನ್ನ ಹೋರಾಟದ ಸಂಘದ ಹಾಡಿನ ತಂಡದಲ್ಲಿ ನನ್ನ ಜಾಗ ಹಾಗೇ ಇರುತ್ತದೆ ಎಂದಿದ್ದೆ, ಬೇರೆಯವಳನ್ನು ಸೇರಿಸಿಕೊಂಡೆ. ಅಪ್ಪ ಹೋದಾಗ ಮೊದಲ ಹಿಡಿ ಮಣ್ಣು ಮಗಳದ್ದೇ ಎಂದವನೂ ನೀನೇ. ನಿನ್ನೆ ಮಣ್ಣು ಮಾಡುವಾಗ ಊರಿನ ಯಜಮಾನರು "ಎಂಗುಸ್ರು ಗುಂಡಿ ತಾವ್ಕೆ ಬರಬಾರ್ದು ಕಣವ್ವ, ಅಲ್ಲೇ ನಿಂತ್ಕೊ" ಎಂದು ನನ್ನನ್ನು ಸ್ಮಶಾನದ ಬೇಲಿಯಾಚೆ ತಡೆದಾಗ, ವೇದಿಕೆ ಮೇಲೆ ಸಮಾನತೆಗೆ ಗಂಟಲು ಹರಿದುಕೊಳ್ಳುವ ನೀನು ನೆಲ ನೋಡುತ್ತ ನಿಂತೆ.

ಮಣ್ಣಾದ ಸಂಜೆಯೇ ನೀನು ಹೊರಟುಹೋದೆ. ಫೋನು ಮಾಡಿದರೆ ಮೀಟಿಂಗಿನಲ್ಲಿರುತ್ತೀಯ. ಅದಕ್ಕೇ ಈ ಕಾಗದವನ್ನು ನರಸೀಪುರಕ್ಕೆ ಹೊರಟಿರುವ ಮಂಗಳಮ್ಮತ್ತೆ ಕೈಲಿ ಕಳಿಸುತ್ತಿದ್ದೇನೆ.

ಇಷ್ಟು ವರ್ಷ ನನಗೆ ಮಾತಿಗಿದ್ದವನು ಅಪ್ಪ ಒಬ್ಬನೇ. ಮಗ್ಗುಲು ಬದಲಿಸುವಾಗ ನೋವು ಮರೆಯಲಿ ಎಂದು ಹೋರಾಟದ ಹಾಡು ಹೇಳುತ್ತಿದ್ದೆ, ಅವನು ಮಂಚದ ಪಟ್ಟಿಗೆ ಬೆರಳು ಬಡಿದು ತಾಳ ಹಾಕುತ್ತಿದ್ದ. ಆದರೂ ಕೊನೆಯ ದಿನ ಕೇಳಿದ್ದು ನಿನ್ನನ್ನೇ.

"ನಟ ಬಂದ್ನೇನವ್ವ?"

"ಬತ್ತಾವ್ನೆ ಕಣಪ್ಪ, ನೀ ಗಂಜಿ ಕುಡಿ" ಎಂದೆ. ಕುಡಿದ. ಅವತ್ತು ನೀನು ಬಂದಿದ್ದರೆ ಉಳಿದದ್ದನ್ನೆಲ್ಲ ಮರೆತುಬಿಡುತ್ತಿದ್ದೆ, ಅಣ್ಣ.

ನಾಳೆ ಮೂರನೇ ದಿನದ ಹಾಲು-ತುಪ್ಪ. ನಾನು ಒಳಗೆ ಬರುತ್ತೇನೆ, ಮೊದಲು ಹಾಲೆರೆಯುವವಳೂ ನಾನೇ. ಯಜಮಾನರು ಅಡ್ಡ ಬಂದರೆ "ನನ್ನ ತಂಗಿ, ಬಿಡಿ" ಎನ್ನು, ಸಾಕು. ನೀನು ಬಾಯಿ ಬಿಡದಿದ್ದರೂ ಹಿಂದೆ ಸರಿಯುವುದಿಲ್ಲ. ಹಾಲೆರೆದು, ಅಣ್ಣನಿಲ್ಲದವಳಾಗಿ ಮನೆಗೆ ಹೋಗುತ್ತೇನೆ.

ಶನಿವಾರ ಬೆಳಿಗ್ಗೆ ಏಳು ಗಂಟೆಗೆ, ಅಪ್ಪನ ಸಮಾಧಿ ಹತ್ತಿರ.

ನಿನ್ನ ತಂಗಿ,
ರೋಜಾ