ಅಡ್ಜಸ್ಟ್ ಎಂಬ ಪದದ ಬಗ್ಗೆ ಅಕ್ಕನಿಗೆ

ಶಿಡ್ಲಘಟ್ಟ ಸೀಮೆಯ ಸೊಸೆಯಂದಿರ ಶಿರೋಮಣಿಯೂ, ರೇಷ್ಮೆಹುಳುಗಳ ರಾಜಮಾತೆಯೂ, ಬಿ.ಎ. ಇಂಗ್ಲಿಷನ್ನು ಒಂದೇ ಏಟಿಗೆ ಪಾಸು ಮಾಡಿ ವಂಶೋದ್ಧಾರ ಮಾಡಿದ ಮಹಾಪಂಡಿತೆಯೂ, ನನ್ನ ಹೊಸ ಚಪ್ಪಲಿ ಮೆಟ್ಟಿಕೊಂಡೇ ಗಂಡನ ಮನೆಗೆ ಹೊರಟುಹೋದ ಧೀರೆಯೂ ಆದ ಶ್ರೀಮತಿ ಭಾರತಿ ಅಕ್ಕನವರ ದಿವ್ಯ ಸನ್ನಿಧಾನಕ್ಕೆ, ಚಿಂತಾಮಣಿಯಿಂದ ಚರಣಸೇವಕಿ ಮಂಜುಳಾ ಮಾಡುವ ಅನಂತ ಸಾಷ್ಟಾಂಗಗಳು.

ಸಾಕು ಬಿಡು. ನಿನ್ನನ್ನು ಇದಕ್ಕಿಂತ ಹೆಚ್ಚು ಹೊತ್ತು ಬಹುವಚನದಲ್ಲಿ ಕರೆಯಲು ನನ್ನಿಂದಾಗದು.

ಆ ಬಸ್ಸು ನೆನಪಿದೆಯಾ? ನಿನ್ನನ್ನು ಶಿಡ್ಲಘಟ್ಟಕ್ಕೆ ಬಿಡಲು ಬರುತ್ತಿದ್ದೆ. ಮೂವರು ಕೂರುವ ಸೀಟಿಗೆ ನಾಲ್ಕನೆಯವರೊಬ್ಬರು ಬಂದು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ" ಎಂದರು. ನೀನು ಸೀಟಿನ ಅಂಚಿಗೆ ಸರಿದು, "ಇಂಗ್ಲಿಷ್‌ನೋರು ಮಿಷನ್ನಿನ ಸ್ಕ್ರೂನ ಅಡ್ಜಸ್ಟ್ ಮಾಡ್ತಾರೆ ಕಣೇ, ನಮ್ಮೋರು ಹೆಂಗಸರನ್ನ" ಎಂದು ನನ್ನ ಕಿವಿಯಲ್ಲಿ ಉಸುರಿದೆ. ನಾನು ಎದ್ದು ನಿಂತು, "ದಯವಿಟ್ಟು ದೂರ ಇರಿ, ಇಕ್ಕಟ್ಟಾದ್ರೆ ನಮ್ಮಕ್ಕನ ಮೈಮೇಲೆ ದೇವಿ ಬರ್ತಾಳೆ" ಎಂದು ಗಂಭೀರವಾಗಿ ಸಾರಿದೆ. ಸೀಟು ಪೂರ್ತಿ ಖಾಲಿ. ಊರು ಬರುವವರೆಗೂ ನನ್ನ ತೊಡೆ ಚಿವುಟುತ್ತಾ ನಗು ನುಂಗಿದ್ದೆಯಲ್ಲ.

ಡೆಂಗ್ಯೂ ಅಂತ ನಿನ್ನನ್ನು ಸೇರಿಸಿದ ದಿನ ಡಾಕ್ಟರು ವಾರ್ಡಿನ ಬಾಗಿಲಿಗೆ ಬಂದು "ಸೀರಿಯಸ್" ಎಂದರು. ಶಾಲೆಯಲ್ಲಿ ಎಲ್ಲ ಮಿಸ್ಸುಗಳೂ ಸೀರಿಯಸ್ ಆಗು ಎಂದು ಬೇಡಿಕೊಂಡದ್ದು ನನ್ನನ್ನು, ಆದವಳು ನೀನು. ಮಾರನೆಯ ದಿನ ಅದೇ ಬಾಗಿಲಲ್ಲಿ ಒಬ್ಬ "ಬಾಡಿ ಕಡೆಯೋರು ಯಾರು?" ಎಂದು ಕೂಗಿದ. ನಮ್ಮಲ್ಲಿ ಒಬ್ಬರೂ ಏಳಲಿಲ್ಲ ಅಕ್ಕ. ನಾವೆಲ್ಲ ಭಾರತಿ ಕಡೆಯವರಾಗಿ ಕೂತಿದ್ದೆವು. ಹೆಸರು ಹೋಗಿ ಆ ಪದ ಬರಲು ಎಷ್ಟು ಹೊತ್ತು ಬೇಕು ಅಂತ ನಿನ್ನ ಡಿಕ್ಷನರಿಯಲ್ಲಿ ಎಲ್ಲಾದರೂ...

ನಿನ್ನ ತಿಥಿಯ ಊಟ ಮುಗಿದು ಹಜಾರದಲ್ಲಿ ಎಲೆಅಡಿಕೆ ತಟ್ಟೆ ಸುತ್ತುತ್ತಿದ್ದಾಗ ಗೌರಿಬಿದನೂರಿನ ದೊಡ್ಡಮ್ಮ ಮಾತು ತೆಗೆದರು. ಅಕ್ಕ ಹೋದ ಮನೆಗೆ ತಂಗಿಯನ್ನು ಕೊಡುವುದು ನಮ್ಮವರಲ್ಲಿ ಹೊಸದೇನಲ್ಲವಲ್ಲ.

"ಚಿನ್ನು ಇನ್ನೂ ಕೂಸು. ಹೊರಗಿನೋಳು ಬಂದ್ರೆ ನಿಮ್ಮಕ್ಕನ ಮಗೂನ ನೋಡ್ಕೋತಾಳೇನಮ್ಮಾ? ನೀನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು."

"ಭಾವ ಏನಂತಾರೆ?"

"ನಂದೇನೂ ಫೋರ್ಸ್ ಇಲ್ಲ" ಎಂದರು ನಿನ್ನ ಗಂಡ, ನೆಲ ನೋಡುತ್ತಾ. ಅದು ಬೇಡ ಎಂಬ ಮಾತಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಮ್ಮ ಮಾತ್ರ ಅಡಿಕೆ ಕತ್ತರಿಸುತ್ತಲೇ ಇದ್ದಳು.

ಅಮ್ಮನ ಅಭಿಪ್ರಾಯ ನನಗೆ ತಿಳಿದದ್ದು ಟೈಲರ್ ಅಂಗಡಿಯಲ್ಲಿ. ಚೂಡಿದಾರ ತರಲು ಹೋದರೆ ಚಾಚಾ ನಿನ್ನ ಧಾರೆಸೀರೆಯ ರವಿಕೆಯನ್ನು ಎತ್ತಿ ತೋರಿಸಿದರು. "ಎರಡೂ ಕಡೆ ಹಿಡಿದಿದ್ದೀನಿ ಬೇಟಿ. ನೀನು ಅಕ್ಕನಷ್ಟು ಮೈಕೈ ತುಂಬ್ಕೊಂಡಿಲ್ಲ ಅಂತ ನಿಮ್ಮಮ್ಮ ಹೇಳಿದ್ರು."

ಮುಂದಿನ ಭಾನುವಾರ ಎಲ್ಲರೂ ಮತ್ತೆ ಸೇರಿದಾಗ ಆ ರವಿಕೆಯನ್ನು ಹರಿವಾಣದಲ್ಲಿಟ್ಟು, ಅರಿಶಿನ ಕುಂಕುಮ ಸಮೇತ ದೊಡ್ಡಮ್ಮನ ಮುಂದೆ ಹಿಡಿದೆ. "ಮಹಾಜನಗಳೇ, ಈ ವಸ್ತ್ರದೊಳಗೆ ಹಿಡಿಸುವ ಯೋಗ್ಯತೆ ಈ ಪಾಮರಳಿಗಿಲ್ಲ. ಹಿರಿಯರು ತಾವೇ ಅಡ್ಜಸ್ಟ್ ಮಾಡಿಕೊಂಡು ನಮ್ಮನ್ನು ಉದ್ಧರಿಸಬೇಕು." ಎಲ್ಲರೂ ನಕ್ಕರು. ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕು, "ಇದೊಂದು ಕಾಮಿಡಿ ಪೀಸು. ಮದ್ವೆ ಆದ್ರೆ ಸರಿಹೋಗ್ತಾಳೆ" ಎಂದರು. ಇಷ್ಟು ವರ್ಷ ಮನೆಮಂದಿಯನ್ನೆಲ್ಲ ನಗಿಸಿದ್ದಕ್ಕೆ ಸಿಕ್ಕ ಬಿರುದು ಅದು. ನಾನು ಬೇಡ ಎಂದರೂ ಅದು ಯಾರಿಗೂ ಕೇಳಿಸುವುದಿಲ್ಲವೆಂದರೆ ನಾನು ಯಾರಿಗೆ ಹೇಳಲಿ?

ಜಗಲಿಯಲ್ಲಿ ಒಬ್ಬರೇ ಕೂತಿದ್ದ ಭಾವನಿಗೇ ಹೇಳಿದೆ, ಒಂದೂ ತಮಾಷೆಯಿಲ್ಲದೆ. "ನಂಗೆ ಬೇಡ ಭಾವ. ನಾನಂದ್ರೆ ನಗ್ತಾರೆ. ನೀವಂದ್ರೆ ನಿಲ್ಲುತ್ತೆ."

ಅವರು "ಅವಳ ರವಿಕೆ ಯಾಕಮ್ಮ ಹೊಲಿಗೆ ಬಿಚ್ಚಕ್ಕೆ ಕೊಟ್ರು?" ಎಂದಷ್ಟೇ ಕೇಳಿ, ಒಳಗೆ ಹೋಗಿ ಬೇಡ ಎಂದರು. ಅವರದು ಒಂದೇ ಮಾತು ನೋಡು, ಒಬ್ಬರೂ ನಗಲಿಲ್ಲ. ಗೆದ್ದೆ ಅಂತ ಖುಷಿಪಡಬೇಕಿತ್ತು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಂತೂ ನಿನಗೆ ತಲುಪದ ಸುದ್ದಿ ಇದು: ನಿನ್ನ ಜಾಗಕ್ಕೆ ನಾನು ಬರುತ್ತಿಲ್ಲ. ಚಿಕ್ಕಬಳ್ಳಾಪುರದಲ್ಲಿ ಬಿ.ಎಡ್. ಸೇರಿದ್ದೇನೆ. ದೊಡ್ಡಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಅದೊಂದು ಲಾಭ. ಯಾರ ಮನೆಗೂ ನಾನು ಬದಲಿ ಸಾಮಾನಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ.

ಮೊನ್ನೆ ಚಿನ್ನುವನ್ನು ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗಿದ್ದೆ. ನಾಗರಕಲ್ಲುಗಳ ನಡುವೆ ಕೈ ಬಿಡಿಸಿಕೊಂಡು ಓಡಿದವಳು, ಸುತ್ತ ಯಾರೂ ಕಾಣದಾದಾಗ "ಮಮ್ಮೀ" ಎಂದು ಕೂಗಿದಳು. ಕರೆದದ್ದು ನಿನ್ನನ್ನೋ ನನ್ನನ್ನೋ ಅಂತ ನಾನು ಕೇಳಲಿಲ್ಲ ಅಕ್ಕ. "ಬಂದೆ ಕಂದಾ" ಎಂದು ಓಗೊಟ್ಟುಬಿಟ್ಟೆ.