ಸಾಸಿವೆ ನುಡಿದ ಸಾಕ್ಷಿ

ಮಂಗಳವಾರ, ಬೆಳಗಿನ ಹೊತ್ತು

ಮುದ್ದಿನ ಮಗಳಿಗೆ ಅಮ್ಮನ ಹಾರೈಕೆಗಳು.

ನಿನ್ನ ಅತ್ತಿಗೆ ಫೋನಿನಲ್ಲಿ ನಿನಗೆ ಒಪ್ಪಿಸಿದ ವರದಿಯಲ್ಲಿ ತಪ್ಪುಗಳಿವೆ. ಅವನ್ನು ಮೊದಲು ತಿದ್ದುತ್ತೇನೆ. ತಿದ್ದದೆ ಮುಂದಕ್ಕೆ ಹೋಗುವ ಅಭ್ಯಾಸ ನನಗಿಲ್ಲವೆಂಬುದು ನಿನಗೆ ಗೊತ್ತು. ನಿನ್ನ ಮಗಳು ಸಾಸಿವೆಯನ್ನು ನಾನು ಕುರ್ಚಿಯ ಮೇಲೆ ಹತ್ತಿಸಿ ನಿಲ್ಲಿಸಲಿಲ್ಲ. ಅವಳು ನೆಲದ ಮೇಲೆಯೇ ನಿಂತಿದ್ದಳು, ಒಂದು ಕಾಲುಚೀಲ ಪಾದದವರೆಗೆ ಜಾರಿತ್ತು. ಯಾರೂ ನಗಲಿಲ್ಲ. ‘ಅಮ್ಮ ಅಪ್ಪನಿಗೆ ಹೆದರಿ ಬಚ್ಚಲುಮನೆಯಲ್ಲಿ ಅಳುತ್ತಾಳೆ’ ಎಂಬ ಮಾತನ್ನು ಮಗು ಆಡಲೇ ಇಲ್ಲ. ಅದು ನಿನ್ನ ಅತ್ತಿಗೆಯ ಸ್ವಂತ ರಚನೆ. ಅವಳು ಮಕ್ಕಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಾಗ ಮಾತು ಮುಗಿಯುತ್ತ ಬಂದಿತ್ತು. ಸಿಕ್ಕಿದ ಬಾಲಕ್ಕೆ ತಲೆಯನ್ನು ತಾನೇ ಅಂಟಿಸಿಕೊಂಡಳು. ಅವಳನ್ನು ಬಯ್ಯಬೇಡ. ನಿನ್ನ ಮೇಲಿನ ಅಕ್ಕರೆಯೇ ಅವಳಿಗೆ ಅಷ್ಟು ಅವಸರ ತಂದದ್ದು.

ನಿನ್ನೆ ನಿನ್ನ ಅಣ್ಣನ ಕೈಯಲ್ಲಿ ಕಳಿಸಿದ ಚೀಟಿಯನ್ನು ಓದಿದೆ. ಸಾಸಿವೆಯನ್ನು ಇನ್ನು ನಮ್ಮ ಮನೆಯ ಭಾನುವಾರದ ತರಗತಿಗೆ ಕಳಿಸುವುದಿಲ್ಲವೆಂದು ಬರೆದಿದ್ದೀಯೆ. ಮಗು ಆಡಿದ ಮಾತು ಅಳಿಯಂದಿರ ಕಿವಿಗೆ ಬಿದ್ದರೆ, ಇಷ್ಟು ವರ್ಷವೂ ನೀನು ಅವರೊಂದಿಗೆ ಸುಳ್ಳು ಸಂಸಾರ ಮಾಡಿದೆ ಎಂದುಕೊಳ್ಳುತ್ತಾರೆಂದು ಬರೆದಿದ್ದೀಯೆ. ನಿನ್ನ ಅಕ್ಷರ ಎಂದೂ ಹೀಗೆ ಓರೆಯಾಗಿರಲಿಲ್ಲ.

ಮದುವೆಗೆ ಮುಂಚೆ ನೀವಿಬ್ಬರೂ ಮಾಡಿಕೊಂಡ ಒಪ್ಪಂದ ನನಗೆ ನೆನಪಿದೆ. ಅವರ ಮನೆಯವರ ದೇವರೂ ಬೇಡ, ನಮ್ಮ ಪ್ರಾರ್ಥನೆಯೂ ಬೇಡ, ಮನೆ ಮನೆಯಾಗಿರಲಿ ಎಂದಿರಿ. ‘ಅದೆಲ್ಲ ನಂಗೆ ಮುಗೀತಮ್ಮ’ ಎಂದು ನೀನು ಇದೇ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ನನಗೆ ಹೇಳಿದೆ. ನಾನು ಮತ್ತೆ ಕೇಳಲಿಲ್ಲ. ಚರ್ಚಿನ ಸಭೆಯಲ್ಲಿ ನಿನ್ನನ್ನು ವಿಚಾರಿಸಿದವರಿಗೆ ‘ಅವಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ’ ಎನ್ನುತ್ತ ಬಂದೆ. ನರ್ಸಿಗೆ ಡ್ಯೂಟಿ ಇರುವುದು ಸುಳ್ಳಲ್ಲವಲ್ಲ.

ಈಗ ನಡೆದದ್ದನ್ನು ನಡೆದ ಕ್ರಮದಲ್ಲಿ ಕೇಳು.

ಈ ತಿಂಗಳು ಮಕ್ಕಳಿಗೆ ಸತ್ಯವೇದದಿಂದ, ತಮ್ಮ ಗುರುವಿನ ಸುದ್ದಿ ಸಾರಿದ ಇಬ್ಬರು ಬೆಸ್ತರ ಪ್ರಸಂಗವನ್ನು ಕಲಿಸುತ್ತಿದ್ದೇನೆ. ದೊಡ್ಡವರ ಸಭೆ ಅವರನ್ನು ಎದುರಿಗೆ ನಿಲ್ಲಿಸಿ, ಇನ್ನು ಬಾಯಿ ತೆರೆಯಕೂಡದೆಂದು ಗದರಿಸಿದಾಗ, ತಾವು ಕಂಡದ್ದನ್ನೂ ಕೇಳಿದ್ದನ್ನೂ ಹೇಳದೆ ಇರಲಾರೆವೆಂದು ಅವರು ಉತ್ತರಿಸಿದ ಭಾಗ. ಮಕ್ಕಳು ಅದನ್ನು ಬಾಯಿಪಾಠ ಮಾಡಿದರು. ಆದರೆ ಗಿಣಿಯೂ ಬಾಯಿಪಾಠ ಮಾಡುತ್ತದೆ. ನಂಬದವರೊಬ್ಬರ ಮುಖ ನೋಡಿ ಮಾತಾಡದೆ ಧೈರ್ಯ ಬರುವುದಾದರೂ ಹೇಗೆ? ಆದ್ದರಿಂದ ನಮ್ಮ ಲೆಕ್ಕದ ಮೇಷ್ಟ್ರನ್ನು ಕರೆದೆ. ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ಎದುರು ಮೇಜಿನಲ್ಲಿ ಕುಳಿತು, ನಿವೃತ್ತಿಯವರೆಗೂ ನನ್ನೊಂದಿಗೆ ದೇವರಿಲ್ಲವೆಂದು ವಾದಿಸಿದ ಮನುಷ್ಯ. ಅವರಿಗಿಂತ ಒಳ್ಳೆಯ ಎದುರಾಳಿ ನನಗೆಲ್ಲಿ ಸಿಗಬೇಕು? ‘ಚಹಾ ಕೊಡ್ತೀರಾ ಅಂದ್ರೆ ಬರ್ತೀನಿ ಮೇಡಂ, ಆದ್ರೆ ಸೋಲೋಕೆ ಬರಲ್ಲ’ ಎಂದು ಮೊದಲೇ ಷರತ್ತು ಹಾಕಿಯೇ ಬಂದರು.

ಮೊದಲು ನಿನ್ನ ಅಣ್ಣನ ಮಗ ಎದ್ದ. ಅವನನ್ನು ಧ್ವನಿವರ್ಧಕ ಎಂದು ಸುಮ್ಮನೆ ಕರೆಯುತ್ತಿಲ್ಲ. ‘ನೀವು ನಂಬದೇ ಇದ್ರೆ ನರಕಕ್ಕೆ ಹೋಗ್ತೀರಾ ಮೇಷ್ಟ್ರೇ!’ ಎಂದು ಕಿಟಕಿಯ ಗಾಜು ನಡುಗುವಂತೆ ಕೂಗಿದ.

‘ಹೋಗ್ಲಿ ಬಿಡೋ. ಅಲ್ಲೂ ಲೆಕ್ಕ ಹೇಳಿಕೊಡೋಕೆ ಒಬ್ರು ಬೇಕಲ್ಲ. ನಿನ್ನ ಉತ್ತರಪತ್ರಿಕೆ ತಿದ್ದಿದವನಿಗೆ ಅದೇನು ಮಹಾ ಶಿಕ್ಷೆ?’ ಎಂದರು ಮೇಷ್ಟ್ರು.

ಹೆದರಿಸುವುದು ಬೇರೆ, ಸಾರುವುದು ಬೇರೆ ಎಂದು ಹೇಳಿ ನಾನು ಅವನನ್ನು ಕೂರಿಸಿದೆ. ಬಳಿಕ ಅವಳಿ ಹುಡುಗಿಯರು ಎದ್ದು, ಕಂಠಪಾಠದ ವಚನವನ್ನು ಒಂದೇ ಉಸಿರಿನಲ್ಲಿ, ಒಂದೇ ಸ್ವರದಲ್ಲಿ ಮುಗಿಸಿದರು. ‘ರೈಲು ಬಂತು, ಹೋಯ್ತು. ನಾನಿನ್ನೂ ಪ್ಲಾಟ್‌ಫಾರ್ಮಲ್ಲೇ ಇದ್ದೀನಿ’ ಎಂದರು ಮೇಷ್ಟ್ರು. ಆಮೇಲೆ ತುಸು ಮುಂದಕ್ಕೆ ಬಾಗಿ, ‘ನೋಡ್ರಮ್ಮಾ, ಇದೆಲ್ಲ ನಿಮ್ಮ ಟೀಚರಮ್ಮನ ಸರಕು, ನನಗೆ ಹಳೇದು. ನಿಮ್ಮ ಕಣ್ಣಲ್ಲಿ ನೀವೇ ನೋಡಿದ್ದು ಏನಾದ್ರೂ ಇದ್ಯಾ?’ ಎಂದು ಕೇಳಿದರು.

ನಿಜ ಹೇಳುತ್ತೇನೆ, ಆ ಪ್ರಶ್ನೆಯನ್ನು ನಾನೇ ಕೇಳಬೇಕಿತ್ತು.

ಆಗ ಹಿಂದಿನ ಸಾಲಿನಲ್ಲಿ ಸಾಸಿವೆ ಎದ್ದು ನಿಂತಳು. ‘ನಂದೇನಿಲ್ಲ. ಅಮ್ಮಂದಿದೆ, ಹೇಳ್ಲಾ?’ ಎಂದಳು. ನಾನು ತಡೆಯುವ ಮೊದಲೇ ಮೇಷ್ಟ್ರು ‘ಹೇಳು ಪುಟ್ಟಾ’ ಎಂದುಬಿಟ್ಟರು.

ಅವಳು ಹೇಳಿದ್ದನ್ನು ಒಂದಕ್ಷರವೂ ಬದಲಿಸದೆ ಬರೆಯುತ್ತೇನೆ. ‘ಅಮ್ಮ ಕೆಲಸಕ್ಕೆ ಹೋಗೋ ಮುಂಚೆ ಬಚ್ಚಲುಮನೇಲಿ ನಲ್ಲಿ ಬಿಡ್ತಾಳೆ. ಸ್ನಾನ ಆಗಿರತ್ತೆ, ಆದ್ರೂ ಬಿಡ್ತಾಳೆ. ನಾನು ಬಾಗಿಲಿಗೆ ಕಿವಿ ಇಟ್ಟಿದ್ದೆ. ಒಳಗೆ ದೇವರ ಹತ್ರ ಮಾತಾಡ್ತಾಳೆ. ನನ್ನ ಹೆಸರು ಹೇಳ್ತಾಳೆ, ಅಪ್ಪನ ಹೆಸರು ಹೇಳ್ತಾಳೆ, ಆಮೇಲೆ ಮಂಚದ ನಂಬರ್ ಹೇಳ್ತಾಳೆ.’

‘ಮಂಚದ ನಂಬರಾ?’ ಎಂದರು ಮೇಷ್ಟ್ರು.

‘ಆಸ್ಪತ್ರೆ ಮಂಚ. ಪೇಷೆಂಟ್ ಹೆಸರು ಮನೇಲಿ ಹೇಳ್ಬಾರ್ದು ಅಂತ ಅವಳಿಗೆ ರೂಲ್ಸಿದೆ. ಅದಕ್ಕೆ ದೇವರಿಗೂ ನಂಬರೇ ಹೇಳ್ತಾಳೆ. ಆಮೇಲೆ ಆಮೆನ್. ಬಚ್ಚಲಿಂದ ಆಚೆ ಬಂದಾಗ ಮುಖ ಒದ್ದೆ ಇರತ್ತೆ. ಆಮೇಲೆ ಬಸ್ಸಿಗೆ ಓಡ್ತಾಳೆ.’

ಇಷ್ಟೇ. ನಿನ್ನ ಅತ್ತಿಗೆಯ ಕಿವಿಗೆ ಬಿದ್ದದ್ದು ಒದ್ದೆ ಮುಖ ಮಾತ್ರ.

ಲೆಕ್ಕದ ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡರು. ಕಳೆದ ವರ್ಷ ಹೊಟ್ಟೆಯ ಆಪರೇಷನ್ನಿಗೆಂದು ಅವರು ನಿನ್ನ ವಾರ್ಡಿನಲ್ಲೇ ಮಲಗಿದ್ದರಲ್ಲ? ‘ಹದಿನಾಲ್ಕು ಅಂತ ಯಾವತ್ತಾದ್ರೂ ಅಂದಿದ್ಲೇನಮ್ಮಾ?’ ಎಂದು ಕೇಳಿದರು. ಸಾಸಿವೆ ಯೋಚಿಸಿ, ‘ಗೊತ್ತಿಲ್ಲ ತಾತ. ತುಂಬ ನಂಬರ್ ಇರತ್ತೆ’ ಎಂದಳು. ಹೌದೆಂದಿದ್ದರೆ ಮೇಷ್ಟ್ರಿಗೆ ಹಿತವಾಗುತ್ತಿತ್ತು. ಅವಳು ಹಾಗೆ ಹೇಳಲಿಲ್ಲ. ಆ ಕ್ಷಣ ನನಗಾದ ಹೆಮ್ಮೆಯನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಮೇಷ್ಟ್ರು ಅಂದೇ ನಂಬಿದರೆಂದು ಭಾವಿಸಬೇಡ. ಚಹಾ ಕುಡಿದರು, ಸಕ್ಕರೆ ಕಡಿಮೆಯಾಯಿತೆಂದು ಆಕ್ಷೇಪಿಸಿದರು, ಹೋದರು. ಆದರೆ ಮೆಟ್ಟಿಲಿಳಿಯುವಾಗ, ‘ಇದಕ್ಕೆ ನನ್ನ ಹತ್ರ ಎದುರು ಮಾತಿಲ್ಲ ಮೇಡಂ’ ಎಂದರು. ಅವರ ಬಾಯಿಂದ ಅಂಥ ಮಾತು ಕೇಳಿದ್ದು ಅದೇ ಮೊದಲು.

ಇನ್ನು ನಿನ್ನ ಕೋಪದ ವಿಷಯ. ಅದರಲ್ಲಿ ನ್ಯಾಯವಿದೆ. ಕಂಡದ್ದನ್ನು ಧೈರ್ಯವಾಗಿ ಹೇಳಿರೆಂದು ಕಲಿಸಿದ ನಾನು, ಹೇಳುವುದಕ್ಕೆ ಯಾವುದು ನಮ್ಮದು, ಯಾವುದು ಇನ್ನೊಬ್ಬರದು ಎಂಬುದನ್ನು ಕಲಿಸಿರಲಿಲ್ಲ. ತರಗತಿ ಮುಗಿದ ಮೇಲೆ ಅವಳ ಬೂಟಿನ ದಾರ ಕಟ್ಟುತ್ತ ಆ ಕೊರತೆಯನ್ನು ತುಂಬಲು ಹೊರಟೆ.

‘ಅಜ್ಜಿ, ನಾನು ತಪ್ಪು ಹೇಳಿದ್ನಾ?’ ಎಂದಳು.

‘ನಿಜವನ್ನೇ ಹೇಳಿದೆ ಕಂದಾ. ಆದರೆ ಅದು ಅಮ್ಮನ ಮಾತು. ಅಮ್ಮನನ್ನು ಕೇಳಿ ಹೇಳಬೇಕು’ ಎಂದೆ.

‘ಕೇಳಿದ್ರೆ ಬೇಡ ಅಂತಾಳೆ.’

‘ಬೇಡ ಅಂದರೆ ಹೇಳಬಾರದು.’

‘ಹಂಗಾದ್ರೆ ಧೈರ್ಯ ಯಾವಾಗ ಮಾಡೋದು?’

ಇಡೀ ಜೀವಮಾನ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಟ್ಟವಳು ನಾನು. ಕಟ್ಟಿದ್ದ ದಾರವನ್ನೇ ಬಿಚ್ಚಿ ಮತ್ತೊಮ್ಮೆ ಕಟ್ಟಿದೆ. ಈಗಲೂ ಯೋಚಿಸುತ್ತಿದ್ದೇನೆ.

ಮಗಳೇ, ನೀನು ಬಾಗಿಲು ತೆರೆದು ಪ್ರಾರ್ಥಿಸೆಂದು ನಾನು ಹೇಳುತ್ತಿಲ್ಲ. ಅಳಿಯಂದಿರಿಗೆ ಹೇಳೆಂದೂ ಒತ್ತಾಯಿಸುತ್ತಿಲ್ಲ. ಅದನ್ನು ಹೇಳುವ ಹೊತ್ತು ಬಂದರೆ ಹೇಳುವವಳು ನೀನು. ಆದರೆ ಅದು ಸುಳ್ಳು ಸಂಸಾರವೆಂಬ ಮಾತನ್ನು ಮಾತ್ರ ನಿನ್ನ ಚೀಟಿಯಿಂದ ಹೊಡೆದುಹಾಕು. ದಿನದಿನವೂ ಗಂಡನ ಹೆಸರನ್ನು ದೇವರ ಮುಂದಿಡುವ ಹೆಂಗಸಿನ ಸಂಸಾರ ಸುಳ್ಳಾಗುವುದು ಹೇಗೆ?

ನೀನು ಬಿಟ್ಟುಬಿಟ್ಟಿದ್ದೀಯೆ ಎಂದು ನಾನು ನಂಬಿದ್ದೆ. ಭಾನುವಾರ ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಕುರ್ಚಿಗಳನ್ನು ಗೋಡೆಗೆ ಸರಿಸಿದವಳು, ಸಂತೋಷದಲ್ಲಿ ಮೈಮರೆತು ಎಲ್ಲವನ್ನೂ ಮತ್ತೆ ಸಾಲಾಗಿ ಹಾಕಿಬಿಟ್ಟೆ. ಅದಕ್ಕಾಗಿ ನಿನ್ನ ಕ್ಷಮೆ ಕೇಳಬೇಕೋ ಏನೋ, ನಿನ್ನ ನೋವಿನಿಂದಲೇ ಬಂದ ಸಂತೋಷವಲ್ಲವೇ ಅದು.

ಸಾಸಿವೆಯನ್ನು ಕಳಿಸು. ಬರುವ ಭಾನುವಾರದ ಪಾಠದಲ್ಲಿ ಪ್ರತಿ ಮಗುವೂ ತನ್ನದನ್ನು ಮಾತ್ರ ಹೇಳಬೇಕು. ಅವಳು ಬರದಿದ್ದರೆ, ತಾನು ಧೈರ್ಯ ಮಾಡಿದ್ದಕ್ಕೇ ಹೊರಗಾದೆನೆಂದು ಕಲಿಯುತ್ತಾಳೆ. ಆ ಪಾಠವನ್ನು ಆಮೇಲೆ ನಾನು ಅಳಿಸಲಾರೆ.

ನಿನ್ನನ್ನು ದಿನವೂ ಹೆಸರು ಹಿಡಿದೇ ನೆನೆಯುವ
ನಿನ್ನ ಅಮ್ಮ

ತಾ.ಕ.: ‘ಊರಿಗೆ ಊರೇ ಕೇಳಿಸಿಕೊಂಡಿತು’ ಎಂದಿದ್ದಾಳೆ ನಿನ್ನ ಅತ್ತಿಗೆ. ಇದೂ ತಪ್ಪು. ಅಲ್ಲಿ ಇದ್ದವರು: ಧ್ವನಿವರ್ಧಕ, ಅವಳಿ ಹುಡುಗಿಯರು, ಸದಾ ಕಿಟಕಿಯಾಚೆ ನೋಡುವ ಹಗಲುಗನಸು, ಪೆನ್ಸಿಲ್ ಕಚ್ಚುವ ಇಲಿಮರಿ, ಲೆಕ್ಕದ ಮೇಷ್ಟ್ರು, ಕೊನೆಗೆ ಬಂದ ನಿನ್ನ ಅತ್ತಿಗೆ, ನಾನು, ಸಾಸಿವೆ. ಮತ್ತೆ, ಹಿತ್ತಲ ಬಾಗಿಲ ಹಿಂದೆ, ಸಾಸಿವೆ ಮನೆಯಲ್ಲಿ ಮರೆತು ಬಂದ ನೀರಿನ ಬಾಟಲಿಯನ್ನು ಕೊಡಲು ಬಂದು, ಅದನ್ನು ಎದೆಗವಚಿಕೊಂಡು ನಿಂತಿದ್ದ ನಿನ್ನ ಗಂಡ. ಎಲ್ಲವನ್ನೂ ಕೇಳಿದರು. ನಾನು ಬಾಗಿಲಿಗೆ ಹೋದಾಗ, ತಾವು ಬಂದದ್ದನ್ನು ನಿನಗೆ ಹೇಳಬಾರದೆಂದರು. ಯಾರದ್ದು ಹೇಳಬೇಕು, ಯಾರದ್ದು ಹೇಳಬಾರದೆಂದು ಮೇಲೆ ಅಷ್ಟುದ್ದ ಬರೆದವಳು ನಾನೇ. ಆದರೂ ಬರೆಯುತ್ತೇನೆ, ಏಕೆಂದರೆ ನಾನು ಅವರಿಗೆ ಮಾತು ಕೊಟ್ಟಿಲ್ಲ. ಅವರು ಅಂದದ್ದು ಇದು: ‘ಮದುವೆಯಾದ ವರ್ಷದಿಂದಲೇ ನಂಗೆ ಗೊತ್ತು ಅತ್ತೆ. ನಂಬಿಕೆ ನಂಗಿಲ್ಲ, ಅದು ಅವಳಿಗೂ ಗೊತ್ತು. ಆದ್ರೆ ದಿನಾ ಬಾಗಿಲ ಹತ್ರ ನಿಂತಿರ್ತೀನಿ. ನನ್ನ ಹೆಸರು ಕೇಳಿದ ಮೇಲೇ ಕೆಲಸಕ್ಕೆ ಹೊರಡೋದು.’