ಬಿಟ್ಟ ಎಲೆ ತೋರಿಸಬಾರದಿತ್ತು

ಮಾರ್ಚ್ ೯, ಭಾನುವಾರ

ನನ್ನ ಮುಂಗೋಪಿಗೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಐದು ವಾರ ತಡಮಾಡಿದ್ದಕ್ಕೆ ಕ್ಷಮಿಸು. ಕೆಲಸ ಜಾಸ್ತಿ ಇತ್ತು ಅಂತ ನೆಪ ಹೇಳಲಾರೆ. ಮೂರು ಸಲ ಬರೆದೆ, ಮೂರು ಸಲ ಹರಿದೆ. ಬರೆದದ್ದೆಲ್ಲ ಕಾರ್ಮಿಕ ಸಂಘದ ಕರಪತ್ರದ ಹಾಗೆ ಕಾಣುತ್ತಿತ್ತು.

ಪ್ರೆಸ್ಸಿನ ಸುದ್ದಿ ಕೇಳು. ನಿನ್ನ ಯಂತ್ರಕ್ಕೆ ಹೊಸಬನನ್ನು ಹಾಕಿದ್ದಾರೆ. ಹಾಳೆಗಳು ಮಸಿ ಮೆತ್ತಿಕೊಂಡು ಸೊಟ್ಟಗೆ ಬೈಂಡಿಂಗಿಗೆ ಬರುತ್ತವೆ, ನಾವು ಹೆಂಗಸರು ಬೈದುಕೊಂಡು ಹೊಲಿಯುತ್ತೇವೆ. ಗೇಟಿನ ಮೇಲೆ ಮಾಲೀಕ ಬೋರ್ಡು ತೂಗುಹಾಕಿದ್ದಾನೆ: ‘ನಾವೆಲ್ಲ ಒಂದೇ ಕುಟುಂಬ.’ ಕುಟುಂಬವಂತೆ! ಸಂಘ ಕಟ್ಟಿದ್ದಕ್ಕೆ ನಿನ್ನನ್ನೂ ಸೇರಿಸಿ ಏಳು ಜನರನ್ನು ಕತ್ತು ಹಿಡಿದು ಹೊರಗೆ ತಳ್ಳಿದ ಮೇಲೆ ಉಳಿದದ್ದಕ್ಕೆ ಕುಟುಂಬ ಅಂತ ಹೆಸರು. ನಾನು ಒಳಗೇ ಉಳಿಯಬೇಕು, ಮನೆಗೊಂದು ಸಂಬಳ ಇರಬೇಕು ಅಂತ ಸಂಘ ತೀರ್ಮಾನಿಸಿದಾಗ ನೀನೇ ಮೊದಲು ಕೈ ಎತ್ತಿದ್ದೆ. ಆದರೂ ದಿನಾ ಆ ಬೋರ್ಡಿನ ಕೆಳಗೆ ತಲೆ ತಗ್ಗಿಸಿ ಹೋಗುತ್ತೇನೆ.

ನೀನು ಆಟದಿಂದ ಎದ್ದುಹೋದ ಆ ಭಾನುವಾರದ ಮಾತಿಗೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೇ ಎಲೆ ಎಲೆಯಾಗಿ ಬರೆಯುತ್ತಿದ್ದೇನೆ. ತಪ್ಪು ಎಲ್ಲಿ ಶುರುವಾಯಿತು ಅಂತ ನನಗೇ ಕಾಣಬೇಕು.

ಕ್ಷೌರದಂಗಡಿಯ ಹಿಂದಿನ ಕೋಣೆಯಲ್ಲಿ ನಾವು ಐದು ಜನ ಪೋಕರ್ ಆಡುತ್ತ ಏಳು ವರ್ಷವಾಯಿತು. ಚೆನ್ನಾಗಿರುವ ಎಲೆಯನ್ನೂ ಬಿಟ್ಟು ಆಟದಿಂದ ಹಿಂದೆ ಸರಿಯುವವಳು ಅಂತ ಅಲ್ಲಿ ನನಗೊಂದು ಹೆಸರು. ಜೊತೆಗೆ ಆಡುವ ವೆಲ್ಡರ್ ಕೇಳುತ್ತಿದ್ದ, “ಅದು ಹೆಂಗಕ್ಕಾ ಮನಸ್ಸು ಬರುತ್ತೆ ನಿಂಗೆ?”

“ನನ್ನ ಎಲೆ ಚೆನ್ನಾಗಿದ್ಯಾ ಅಂತ ನೋಡಲ್ಲ ಕಣೋ. ಎದುರಿಗಿರೋನ ಎಲೆಗಿಂತ ಚೆನ್ನಾಗಿದ್ಯಾ ಅಂತ ನೋಡ್ತೀನಿ. ಇದೇನು ಕೊನೇ ಆಟಾನಾ? ಐದು ನಿಮಿಷಕ್ಕೆ ಇನ್ನೆರಡು ಎಲೆ ಬರುತ್ತೆ.”

ನಿಜ ತಾನೆ? ನಮ್ಮದು ಪಂದ್ಯವಲ್ಲ, ಯಾರೂ ಯಾರನ್ನೂ ಕೊನೆಯವರೆಗೆ ಕೂರಿಸುವುದಿಲ್ಲ. ಕಾಸು ಎತ್ತಿಕೊಂಡು ಯಾವಾಗ ಬೇಕಾದರೂ ಏಳಬಹುದು. ಅರ್ಧಂಬರ್ಧ ಎಲೆಗೆ ಜೋತುಬಿದ್ದು ಮುಳುಗುವ ದರ್ದೇನು? ಇನ್ನು ನಮ್ಮಿಬ್ಬರ ಕಟ್ಟಳೆ: ಮೇಜಿನ ಮುಂದೆ ಗಂಡನಿಲ್ಲ, ಹೆಂಡತಿಯಿಲ್ಲ. ಏಳು ವರ್ಷ ನೀನು ನನ್ನನ್ನು ದಯೆಯಿಲ್ಲದೆ ದೋಚಿದೆ, ನಾನು ನಿನ್ನನ್ನು. ಆಮೇಲೆ ಜಗಳವಾಡುತ್ತ, ನಗುತ್ತ ಮನೆಗೆ ನಡೆಯುತ್ತಿದ್ದೆವು.

ಅವತ್ತು ನನ್ನ ಕೈಯಲ್ಲಿ ರಾಜ, ರಾಣಿ. ಎಲ್ಲರಿಗೂ ಸೇರಿದ ಐದು ಎಲೆಗಳಲ್ಲೂ ಒಬ್ಬ ರಾಜ, ಒಬ್ಬಳು ರಾಣಿ. ಎರಡು ಜೋಡಿ, ಸಾಮಾನ್ಯವಾಗಿ ಗೆಲ್ಲುವ ಕೈ. ಆದರೆ ಕೊನೆಯ ಎಲೆ ಬಿದ್ದಾಗ ಆ ಐದರಲ್ಲಿ ಮೂರು ಆಟೀನು, ಕೆಂಪು ಹೃದಯದ ಎಲೆ. ಯಾರ ಕೈಯಲ್ಲಾದರೂ ಇನ್ನೆರಡು ಆಟೀನು ಇದ್ದರೆ ಐದೂ ಒಂದೇ ಗುರುತಾಗುತ್ತವೆ, ನನ್ನ ಜೋಡಿಗಳು ಕಸ. ಬೇರೆಯವರೆಲ್ಲ ಬಿಟ್ಟಿದ್ದರು. ಅಲ್ಲಿಯವರೆಗೆ ಸುಮ್ಮನೆ ಜೊತೆಗೆ ಬರುತ್ತಿದ್ದ ನೀನು ಮುಂದಿದ್ದ ಕಾಸನ್ನೆಲ್ಲ ನಡುವಿಗೆ ತಳ್ಳಿದೆ.

ನಿನ್ನ ಮುಖ ನೋಡಿದೆ. ನಾಲ್ಕು ತಿಂಗಳು ಕೆಲಸ ಕೇಳಿಕೊಂಡು ಅಲೆದ ಮುಖ. ಸಂಘದವನು ಅಂದ ಕೂಡಲೇ ಪ್ರತಿ ಪ್ರೆಸ್ಸಿನ ಬಾಗಿಲೂ ಮುಚ್ಚಿತ್ತು. ಇವನ ಹತ್ತಿರ ಏನೂ ಇಲ್ಲ, ಇವತ್ತೊಂದು ದಿನ ಹೆದರಿಸಿಯಾದರೂ ಗೆಲ್ಲಲು ಹೊರಟಿದ್ದಾನೆ ಅಂದುಕೊಂಡೆ. ‘ತೋರಿಸು’ ಅಂದರೆ ನಾನು ಗೆಲ್ಲುತ್ತೇನೆ, ನೀನು ಎಲ್ಲರೆದುರು ಬೆತ್ತಲಾಗುತ್ತೀಯ. ಬಿಟ್ಟೆ.

ಬಿಟ್ಟು ಸುಮ್ಮನಿರಬೇಕಿತ್ತು. ಬಿಟ್ಟ ಎಲೆಯನ್ನು ಎಂದೂ ತೋರಿಸದವಳು ಅವತ್ತು ಎರಡನ್ನೂ ತಿರುಗಿಸಿ ಇಟ್ಟೆ. “ತಗೋ, ಇಂಥಾ ಕೈ ಬಿಟ್ಟಿದೀನಿ. ಇವತ್ತು ನಿಂಗೇ ಇರಲಿ” ಅಂದೆ. ಪ್ರೀತಿಯಿಂದ ಅಂದೆ ಅಂದುಕೊಂಡೆ.

ಕ್ಷೌರದವನು ತೊಡೆ ತಟ್ಟಿಕೊಂಡು ನಕ್ಕ. “ಸರಿಹೋಯ್ತು! ಮನೇಲೂ ಸಾಕೋಳು ಅವಳೇ, ಇಲ್ಲೂ ಸಾಕೋಳು ಅವಳೇ! ಏನಯ್ಯಾ ನಿನ್ನ ಅದೃಷ್ಟ!”

ನೀನು ನಿನ್ನ ಎರಡೆಲೆಯನ್ನು ಮುಚ್ಚಿದಂತೆಯೇ ಎಲೆಗಳ ಕಟ್ಟಿನೊಳಗೆ ಸೇರಿಸಿ, ಗೆದ್ದದ್ದನ್ನು ಮುಟ್ಟದೆ ಎದ್ದೆ. “ಕೇಳಿದ್ನಾ ನಾನು?” ಅಷ್ಟೇ ಅಂದದ್ದು. ಮರುದಿನ ಬೆಳಿಗ್ಗೆ ನಿನ್ನ ಅಕ್ಕನ ಊರಿನ ಬಸ್ಸು ಹತ್ತಿದೆ.

ನೀನು ಹೋದ ಮೇಲೆ ಅಂಗಡಿಗೇ ಹೋಗಿ ಕ್ಷೌರದವನ ಮೇಲೆ ಕೂಗಾಡಿದೆ. “ಹೊಟ್ಟೆಗೆ ಹೊಡೆದೋನನ್ನ ಬಿಟ್ಟು ಹೊಡೆತ ತಿಂದೋನನ್ನ ನೋಡಿ ನಗ್ತೀಯಲ್ಲ, ನಾಚಿಕೆ ಆಗಲ್ವಾ?”

“ತಮಾಷೆಗಂದೆ ಕಣಕ್ಕಾ, ತಪ್ಪಾಯ್ತು” ಅಂತ ಕತ್ತರಿ ಹಿಡಿದು ಅತ್ತೇಬಿಟ್ಟ. ಕುರ್ಚಿಯಲ್ಲಿದ್ದ ಗಿರಾಕಿ ಕಿವಿ ಮುಚ್ಚಿಕೊಂಡ. ಆದರೆ ಕೂಗುವಾಗಲೇ ನನಗೆ ಗೊತ್ತಿತ್ತು, ಆ ಮಾತನ್ನು ಅವನ ಬಾಯಿಗೆ ಇಟ್ಟುಕೊಟ್ಟವಳು ನಾನು.

ಬಾ ಅಂತ ಕರೆಯುವುದಿಲ್ಲ. ಕರೆದರೆ ಅದೂ ಇನ್ನೊಂದು ದಾನವಾದೀತು. ನಿನಗೆ ಬರಬೇಕೆನಿಸಿದರೆ ಬಾ, ನಿನ್ನ ಬೀಗದ ಕೈ ನಿನ್ನ ಹತ್ತಿರವೇ ಇದೆ. ಅತ್ತಿಗೆಗೆ ನನ್ನ ನಮಸ್ಕಾರ. ಪರೀಕ್ಷೆಗೆ ಓದುತ್ತಿರುವ ಅವರ ಮಗಳಿಗೆ ಒಳ್ಳೆಯದಾಗಲಿ, ಅವಳು ಯಾರ ಗೇಟಿನ ಮುಂದೆಯೂ ನಿಲ್ಲದಂತಾಗಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಹಠಮಾರಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ವೆಲ್ಡರ್ ಪ್ರೆಸ್ಸಿನ ಹೊರಗೆ ಕಾಯುತ್ತಿದ್ದ. “ಹೇಳ್ಬೇಡ ಅಂದಿದ್ರು ಭಾವ. ತಡ್ಕೊಳ್ಳೋಕಾಗ್ತಿಲ್ಲ ಅಕ್ಕಾ. ಪಕ್ಕದಲ್ಲೇ ಕೂತಿದ್ದೆ, ಕಣ್ಣಿಗೆ ಬಿತ್ತು. ಅವರದ್ದು ಎರಡೂ ಆಟೀನು” ಅಂದ.

ಅಲ್ಲಿಗೆ ಗೆದ್ದದ್ದು ನೀನೇ. ಸುಮ್ಮನೆ ಜೊತೆಗೆ ಬಂದದ್ದು, ಮೂರನೆಯ ಆಟೀನು ಬಿದ್ದ ಕೂಡಲೇ ಎಲ್ಲ ತಳ್ಳಿದ್ದು... ನಿನ್ನ ಜಾಗದಲ್ಲಿ ಬೇರೆ ಯಾರೇ ಇದ್ದಿದ್ದರೂ ಓದಿಬಿಡುತ್ತಿದ್ದೆ, ಇವನ ಹತ್ತಿರ ಇದೆ ಅಂತ ಹೆದರಿಯೇ ಬಿಡುತ್ತಿದ್ದೆ. ನಿನ್ನ ಹತ್ತಿರ ಏನಾದರೂ ಇದ್ದೀತು ಅಂತ ನನಗೆ ಒಂದು ಕ್ಷಣವೂ ಹೊಳೆಯಲಿಲ್ಲ. ನಿನ್ನನ್ನು ಹೊರಗೆ ಹಾಕುವಾಗ ಆ ಮಾಲೀಕ ನಿನ್ನ ಬಗ್ಗೆ ಏನಂದುಕೊಂಡಿದ್ದನೋ, ನಿನ್ನ ಪಕ್ಕದಲ್ಲೇ ಮಲಗಿ ಏಳುತ್ತ ನಾನೂ ಅದನ್ನೇ ಅಂದುಕೊಂಡಿದ್ದೆ. ನಿನಗದು ಅವತ್ತೇ ಗೊತ್ತಾಗಿದೆ. ನನಗೆ ಗೊತ್ತಾದದ್ದು ನಿನ್ನೆ.